ಮೂವತ್ತು ಸಾವಿರದೊಳಗೆ ಜಪಾನಿನ ಡೈವ್ ವಾಚು: ಸೀಕೊ, ಸಿಟಿಜನ್, ಓರಿಯೆಂಟ್, ಕ್ಯಾಸಿಯೊಗಳಲ್ಲಿ ಯಾವುದು?

ಆಗುಂಬೆ ಮಳೆ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ನೇತ್ರಾಣಿಯಲ್ಲಿ ಸ್ಕೂಬಾ ಕಲಿಯಲು ಹೋಗುತ್ತಿದ್ದೇನೆ. ಒಮ್ಮೆ ಮುಳುಗಿ ಫೋಟೊ ತೆಗೆಸಿಕೊಂಡು ಬರುವುದಕ್ಕಲ್ಲ, ಪ್ರಮಾಣಪತ್ರ ಸಿಗುವ ಪೂರ್ಣ ಕೋರ್ಸಿಗೆ. ಬಹಳ ಕಾಲದಿಂದ ಆಸೆಪಟ್ಟಿದ್ದ ಡೈವ್ ವಾಚನ್ನೂ ಇದೇ ಸಂದರ್ಭದಲ್ಲಿ ಕೊಳ್ಳೋಣವೆಂದಿದ್ದೇನೆ. ಮಿತಿ 30,000 ರೂಪಾಯಿ.

ನೋಡಿ ನೋಡಿ ನಾಲ್ಕಕ್ಕೆ ಬಂದು ನಿಂತಿದ್ದೇನೆ: ಸೀಕೊ 5 ಸ್ಪೋರ್ಟ್ಸ್, ಸಿಟಿಜನ್ ಪ್ರೊಮಾಸ್ಟರ್ ಬಿಎನ್0150, ಓರಿಯೆಂಟ್ ಕಮಾಸು, ಕ್ಯಾಸಿಯೊ ಡ್ಯೂರೊ. ನನ್ನ ಮಣಿಕಟ್ಟು ಸಣ್ಣದು, ಸುತ್ತಳತೆ 16 ಸೆಂಟಿಮೀಟರ್. ಒಂದೇ ವಾಚು ಕಚೇರಿಗೂ ಬೇಕು, ಕಡಲಿಗೂ ಬೇಕು. ಕೆಟ್ಟರೆ ನಮ್ಮ ಊರಿನ ಕಡೆಯೇ ರಿಪೇರಿ ಆಗಬೇಕು. ಡಯಲ್ ಮೇಲೆ 200 ಮೀಟರ್ ಎಂದು ಬರೆದಿರುವುದನ್ನು ಎಷ್ಟರಮಟ್ಟಿಗೆ ನಂಬಬಹುದು? ಕೈಯ ಚಲನೆಯಿಂದ ನಡೆಯುವ ಆಟೋಮ್ಯಾಟಿಕ್ ಒಳ್ಳೆಯದೋ ಬೆಳಕಿನಿಂದ ನಡೆಯುವ ಸೋಲಾರ್ ಒಳ್ಳೆಯದೋ? ಬಲ್ಲವರು ದಯವಿಟ್ಟು ತಿಳಿಸಿ.

ನೇತ್ರಾಣಿ ನೀಲಿ

ಮೊದಲು ನಿಮ್ಮ ಕೋರ್ಸಿಗೆ ಶುಭಾಶಯ. ಈ ಕರಾವಳಿಯಲ್ಲಿಯೇ ಡೈವಿಂಗ್ ಕಲಿಸುವವನಾಗಿ ಹೇಳುತ್ತೇನೆ: ನೀರಿನಡಿಯಲ್ಲಿ ನಿಮ್ಮ ಪ್ರಾಣ ಕಾಯುವುದು ಡೈವ್ ಕಂಪ್ಯೂಟರ್. ಆಳ, ಸಮಯ, ಮೇಲೇರುವ ವೇಗ, ಇನ್ನೆಷ್ಟು ಹೊತ್ತು ಆ ಆಳದಲ್ಲಿ ಇರಬಹುದೆಂಬ ಲೆಕ್ಕ ಎಲ್ಲವನ್ನೂ ಅದೇ ಹೇಳುತ್ತದೆ. ಕಲಿಯುವಾಗ ಅದನ್ನು ಕೇಂದ್ರದವರೇ ಕೊಡುವುದು ವಾಡಿಕೆ, ಆದರೂ ಮೊದಲೇ ಕೇಳಿ ಖಾತ್ರಿ ಮಾಡಿಕೊಳ್ಳಿ. ಕೈಗಡಿಯಾರ ಎರಡನೆಯ ಆಸರೆ. ಕಂಪ್ಯೂಟರ್ ನಿಂತುಹೋದರೆ ನೀವು ಎಷ್ಟು ಹೊತ್ತಿಗೆ ಕೆಳಗಿಳಿದಿರಿ ಎಂಬುದನ್ನು ಅದರ ಬೆಜೆಲ್, ಅಂದರೆ ಡಯಲಿನ ಸುತ್ತ ತಿರುಗುವ ಉಂಗುರ, ಹೇಳಬೇಕು. ಮೇಲೇರುವ ಮುನ್ನ 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವುದನ್ನು ಅದರ ಮುಳ್ಳು ಎಣಿಸಬೇಕು. ಈ ಎರಡು ಕೆಲಸವನ್ನು ಕತ್ತಲಲ್ಲೂ ಕೆಸರು ನೀರಲ್ಲೂ ಮಾಡುವ ವಾಚು ಬೇಕು.

200 ಮೀಟರಿನ ಪ್ರಶ್ನೆಗೆ ಬರೋಣ. ನಿಮ್ಮ ಮೊದಲ ಕೋರ್ಸಿನ ಮಿತಿ 18 ಮೀಟರ್. ಹವ್ಯಾಸಿ ಡೈವಿಂಗಿನ ಕೊನೆಯ ಮಿತಿಯೇ 40 ಮೀಟರ್. ಹಾಗಾಗಿ ಆಳದ ಅಂಕಿಗಿಂತ ನೋಡಬೇಕಾದದ್ದು ಡಯಲ್ ಮೇಲಿನ ಇನ್ನೊಂದು ಪದ. ‘ಡೈವರ್ಸ್ 200 ಮೀಟರ್’ ಎಂದಿದ್ದರೆ ಅದು ಐಎಸ್‌ಒ 6425 ಎಂಬ, ಡೈವ್ ವಾಚುಗಳ ಅಂತರರಾಷ್ಟ್ರೀಯ ಮಾನದಂಡದ ವಾಚು. ಅಲ್ಲಿ ಮಾದರಿಗೊಂದನ್ನು ಆರಿಸಿ ಪರೀಕ್ಷಿಸಿದರೆ ಸಾಲದು, ಕಾರ್ಖಾನೆಯಿಂದ ಹೊರಡುವ ಪ್ರತಿ ವಾಚನ್ನೂ ಹೇಳಿದ ಆಳಕ್ಕಿಂತ ಶೇ 25ರಷ್ಟು ಹೆಚ್ಚಿನ ಒತ್ತಡಕ್ಕೆ ಒಡ್ಡಬೇಕು. ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಓದಲು ಬರಬೇಕು, ವಾಚು ನಡೆಯುತ್ತಿದೆ ಎಂಬುದು ಕಾಣಬೇಕು. ಉಪ್ಪುನೀರು, ಆಘಾತ, ಕಾಂತಕ್ಷೇತ್ರ, ಬಿಸಿಯಿಂದ ತಣ್ಣನೆಗೆ ಏಕಾಏಕಿ ಬದಲಾವಣೆ ಎಲ್ಲದಕ್ಕೂ ಪರೀಕ್ಷೆಯುಂಟು. ಬರೀ ‘ವಾಟರ್ ರೆಸಿಸ್ಟ್ 200 ಮೀಟರ್’ ಎಂದಿದ್ದರೆ ಈ ಖಾತ್ರಿ ಇಲ್ಲ.

ನಿಮ್ಮ ನಾಲ್ಕರಲ್ಲಿ ಆ ಪದ ಇರುವುದು ಸಿಟಿಜನ್ ಪ್ರೊಮಾಸ್ಟರಿನಲ್ಲಿ ಮಾತ್ರ. ನನ್ನ ಮತ ಅದಕ್ಕೇ.

ಆಮೆ ಬೆನ್ನು

ನೀಲಿಯವರೇ, ನೀವು ಹೇಳಿದ ಮಾನದಂಡದ ಬಗ್ಗೆ ತಕರಾರಿಲ್ಲ. ಆದರೆ ಜಪಾನಿನ ಡೈವ್ ವಾಚಿನ ಮಾತಿನಲ್ಲಿ ಸೀಕೊವನ್ನು ಒಂದೇ ಸಾಲಿನಲ್ಲಿ ಬದಿಗಿಡುವುದು ನನಗೆ ಒಪ್ಪಿಗೆಯಿಲ್ಲ.

ಜಪಾನಿನ ಮೊದಲ ಡೈವ್ ವಾಚನ್ನು 1965ರಲ್ಲಿ ಮಾಡಿದ್ದು ಸೀಕೊ, 150 ಮೀಟರಿಗೆ. ಆ ದೇಶದ ಅಂಟಾರ್ಕ್ಟಿಕ ಸಂಶೋಧನಾ ತಂಡದವರು ಅದನ್ನು ಕಟ್ಟಿಕೊಂಡು ಹೋದರು. 1968ರಲ್ಲಿ ಹಿರೋಷಿಮಾ ಪ್ರಾಂತ್ಯದ ಕುರೆ ಎಂಬಲ್ಲಿನ ವೃತ್ತಿಪರ ಡೈವರ್ ಒಬ್ಬ ಕಂಪನಿಗೆ ಪತ್ರ ಬರೆದ. ಹೀಲಿಯಂ ಬೆರೆತ ಗಾಳಿಯನ್ನು ಉಸಿರಾಡುತ್ತ ಆಳದಲ್ಲಿ ದಿನಗಟ್ಟಲೆ ಕೆಲಸ ಮಾಡುವವರಿಗೆ ಇರುವ ವಾಚುಗಳು ಸಾಲುತ್ತಿಲ್ಲ ಎಂದು. ಹೀಲಿಯಂ ಕಣ ತೀರಾ ಸಣ್ಣದು, ವಾಚಿನೊಳಕ್ಕೆ ನುಸುಳಿ, ಮೇಲೆ ಬರುವಾಗ ಹಿಗ್ಗಿ ಗಾಜನ್ನೇ ಎಬ್ಬಿಸಿಬಿಡುತ್ತದೆ. ಇತರರು ಆ ಅನಿಲವನ್ನು ಹೊರಬಿಡಲು ಕವಾಟ ಇಟ್ಟರೆ, ಸೀಕೊದವರು ಏಳು ವರ್ಷ ಕೂತು ಅದು ಒಳಗೇ ಬರದಂತೆ ಎಲ್ ಆಕಾರದ ಗ್ಯಾಸ್ಕೆಟ್ (ಸಂದು ಮುಚ್ಚುವ ವಾಷರ್) ಮಾಡಿದರು. 1975ರಲ್ಲಿ ಟೈಟಾನಿಯಂ ಕವಚದ 600 ಮೀಟರ್ ವಾಚು ಬಂದಿತು. ನೀರಿನ ಒತ್ತಡದಲ್ಲಿ ಕೈ ಮೇಲಿನ ಸೂಟು ಕುಗ್ಗಿದಂತೆ ತಾನೂ ಕುಗ್ಗುವ, ಮಡಿಕೆ ಮಡಿಕೆಯ ಬೆಲ್ಟ್ ಕೂಡ ಅದರ ಜೊತೆಯಲ್ಲಿಯೇ ಬಂದದ್ದು. ಒಬ್ಬ ಕೆಲಸಗಾರನ ಪತ್ರಕ್ಕೆ ಹೀಗೆ ಉತ್ತರ ಕೊಟ್ಟ ಕಂಪನಿ ಅದು.

ಸಾಮಾನ್ಯರ ಕೈಗೆಟುಕುವ ಸಾಲಿನಲ್ಲಿ 1996ರಲ್ಲಿ ಎಸ್‌ಕೆಎಕ್ಸ್007 ಬಂದಿತು. ನಾಲ್ಕು ಗಂಟೆಯ ಕಡೆ ಕೀ, 200 ಮೀಟರ್, ಐಎಸ್‌ಒ ಡೈವರ್. 2019ರ ಹೊತ್ತಿಗೆ ಅದು ನಿಂತಾಗ ಎಷ್ಟೋ ಜನ ಮರುಗಿದೆವು. ಆಗುಂಬೆಯವರೇ, ನನ್ನ ಸಲಹೆ: ಮಿತಿಯನ್ನು ಸ್ವಲ್ಪ ಸಡಿಲಿಸಿ ಸೀಕೊ ಪ್ರಾಸ್ಪೆಕ್ಸ್ ‘ಟರ್ಟಲ್’ ನೋಡಿ. 1976ರ 6309 ಎಂಬ ಸೀಕೊ ಡೈವ್ ವಾಚಿನ ರೂಪವನ್ನೇ 2016ರಲ್ಲಿ ಮತ್ತೆ ತಂದದ್ದು. ಅದರ ಡಯಲ್ ಮೇಲೂ ‘ಡೈವರ್ಸ್’ ಇದೆ, ಒಳಗೆ 4ಆರ್36 ಮಷೀನ್ ಇದೆ. ಸೆಲ್ ಇಲ್ಲ, ಕೈಯ ಚಲನೆಯೇ ಅದರ ಊಟ.

ಆಗುಂಬೆ ಮಳೆ

ಆಮೆಯವರೇ, ಪತ್ರದ ವಿಷಯ ಗೊತ್ತಿರಲಿಲ್ಲ, ತುಂಬ ಸಂತೋಷವಾಯಿತು. ಆದರೆ ಟರ್ಟಲ್ ನನ್ನ ಮಿತಿಗೆ ದೂರ. ಸೀಕೊ 5 ಸ್ಪೋರ್ಟ್ಸ್ ನೋಡಲು ಎಸ್‌ಕೆಎಕ್ಸ್‌ನಂತೆಯೇ ಇದೆಯಲ್ಲ, ಅದು ಸಾಲದೇ? 100 ಮೀಟರ್ ಎಂದಿದ್ದಾರೆ, ನಾನು ಹೋಗುವುದು 18ಕ್ಕೆ.

ಆಮೆ ಬೆನ್ನು

2019ರಲ್ಲಿ ಬಂದ ಆ ಸಾಲಿಗೆ ಎಸ್‌ಕೆಎಕ್ಸ್‌ನ ಮೈಕಟ್ಟನ್ನೇ ಕೊಟ್ಟಿದ್ದಾರೆ. ಮಷೀನ್ ವಾಸ್ತವವಾಗಿ ಮೇಲು. ಹಳೆಯ 7ಎಸ್26ಕ್ಕೆ ಕೈಯಿಂದ ಕೀ ಕೊಡಲಾಗುತ್ತಿರಲಿಲ್ಲ, ಸಮಯ ಹೊಂದಿಸುವಾಗ ಸೆಕೆಂಡಿನ ಮುಳ್ಳು ನಿಲ್ಲುತ್ತಿರಲಿಲ್ಲ. 4ಆರ್36ರಲ್ಲಿ ಎರಡೂ ಇವೆ. ಆದರೆ ಕೀಯನ್ನು ತಿರುಗಿಸಿ ಬಿಗಿಯುವ ವ್ಯವಸ್ಥೆಯನ್ನು ತೆಗೆದಿದ್ದಾರೆ, ‘ಡೈವರ್ಸ್’ ಪದವನ್ನೂ ತೆಗೆದಿದ್ದಾರೆ. ಸೀಕೊವನ್ನು ಇಷ್ಟು ಪ್ರೀತಿಸುವ ನಾನೇ ಹೇಳುತ್ತಿದ್ದೇನೆ: ಈಜುಕೊಳಕ್ಕೆ ಸರಿ, ಸ್ಕೂಬಾಕ್ಕೆ ಅದನ್ನು ಒಯ್ಯಬೇಡಿ.

ಕೊಲ್ಲಿ ಗಾಳಿ

ಇನ್ನೊಂದು ಮಾತು ಸೇರಿಸುತ್ತೇನೆ. ನೀರಿನಲ್ಲಿ ಕೈ ಬೀಸಿದಾಗ ಒತ್ತಡ ಎಷ್ಟೋ ಪಟ್ಟು ಹೆಚ್ಚುತ್ತದೆ, ಆದ್ದರಿಂದ 100 ಮೀಟರ್ ಎಂದರೆ ನಿಜಕ್ಕೂ 10 ಮೀಟರಿಗೆ ಮಾತ್ರ ಎಂದು ನಮ್ಮ ದೋಹಾದ ಅಂಗಡಿಯವರು ಹೇಳಿದ್ದರು. ಅದಕ್ಕಾಗಿಯೇ 200 ಮೀಟರಿನ ಓರಿಯೆಂಟ್ ಕಮಾಸು ಕೊಂಡೆ.

ಪಿಯು ಭೌತಶಾಸ್ತ್ರ

ಕೈ ಬೀಸುವ ಒತ್ತಡದ ಮಾತು ಎಲ್ಲ ಕಡೆ ಓಡಾಡುತ್ತಿದೆ. ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ಚಲನೆಯಿಂದ ಹುಟ್ಟುವ ಒತ್ತಡ ಎಂದರೆ ನೀರಿನ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. ನಿಮ್ಮ ಕೈ ನೀರಿನಲ್ಲಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹೋಯಿತೆನ್ನಿ, ಅದೂ ಬಹಳ ಜೋರು. ಸಾಂದ್ರತೆ 1000, ವರ್ಗ 25, ಗುಣಿಸಿ ಅರ್ಧ ಮಾಡಿದರೆ 12,500 ಪ್ಯಾಸ್ಕಲ್. ಇದು ಸುಮಾರು ಒಂದೂಕಾಲು ಮೀಟರ್ ಆಳದ ನೀರು ಹಾಕುವ ಒತ್ತಡಕ್ಕೆ ಸಮ. ವೇಗವನ್ನು 10 ಮೀಟರಿಗೆ ಏರಿಸಿದರೂ ಸುಮಾರು ಐದು ಮೀಟರ್ ಆಳದಷ್ಟೇ ಆಗುತ್ತದೆ. ಹೊಸದಾಗಿ, ಸರಿಯಾಗಿ ಮುಚ್ಚಿದ 100 ಮೀಟರಿನ ವಾಚಿಗೆ ಕೈ ಬೀಸುವುದರಿಂದ ಏನೂ ಆಗದು.

ಹಾಗಾದರೆ ನೀರು ನುಗ್ಗಿದ ವಾಚುಗಳು ಏಕೆ ಹಾಗಾದವು? ಅದನ್ನು ರಿಪೇರಿ ಬಲ್ಲವರು ಹೇಳಬೇಕು.

ಕಣ್ಣಿಗೆ ಲೂಪು

ಹೇಳುತ್ತೇನೆ ಸರ್. ತಂದೆಯ ಕಾಲದಿಂದ ವಾಚ್ ರಿಪೇರಿ ನಮ್ಮ ಮನೆಯ ಕಸುಬು, ಅಂಗಡಿ ಹುಬ್ಬಳ್ಳಿಯಲ್ಲಿದೆ. ಆಳದಿಂದ ಕೆಟ್ಟ ವಾಚು ನಮ್ಮ ಮೇಜಿಗೆ ಬರುವುದೇ ಇಲ್ಲ. ಬರುವುದೆಲ್ಲ ಬಚ್ಚಲಿನಲ್ಲಿ, ಬಾವಿಕಟ್ಟೆಯಲ್ಲಿ, ಮಳೆಯಲ್ಲಿ ಕೆಟ್ಟವು.

ಮೊದಲ ಕಾರಣ ಕೀ. ತಿರುಗಿಸಿ ಬಿಗಿಯುವ ಕೀಯನ್ನು ತಾರೀಖು ಹೊಂದಿಸಿದ ಮೇಲೆ ಅರ್ಧಕ್ಕೆ ಬಿಟ್ಟಿರುತ್ತಾರೆ. ಎರಡನೆಯದು ಹಿಂಬದಿಯ ಮುಚ್ಚಳ. ರಸ್ತೆಬದಿಯಲ್ಲಿ ಸೆಲ್ ಹಾಕಿಸುವಾಗ ಒಳಗಿನ ರಬ್ಬರ್ ವಾಷರ್ ಹಿಸುಕಿರುತ್ತದೆ ಅಥವಾ ಹೊರಗೇ ಉಳಿದಿರುತ್ತದೆ. ಮೂರನೆಯದು ವಯಸ್ಸು. ರಬ್ಬರ್ ಒಣಗುತ್ತದೆ, ಗಟ್ಟಿಯಾಗುತ್ತದೆ. ಸೋಪು, ಬಿಸಿನೀರು, ಬೆವರು, ಸುಗಂಧದ್ರವ್ಯ ಎಲ್ಲವೂ ಅದರ ಆಯಸ್ಸು ತಿನ್ನುತ್ತವೆ. ಹತ್ತು ವರ್ಷ ಹಳೆಯ ಡೈವ್ ವಾಚಿನ ಮೇಲೆ 200 ಮೀಟರ್ ಎಂದಿರುವುದು ಅದು ಹುಟ್ಟಿದ ದಿನದ ಮಾತು.

ನೀರಿಗೆ ಒಯ್ಯುವವರು ಎರಡು ಮೂರು ವರ್ಷಕ್ಕೊಮ್ಮೆ ವಾಷರ್ ಬದಲಿಸಿ ಒತ್ತಡದ ಪರೀಕ್ಷೆ ಮಾಡಿಸಬೇಕು. ಆ ಯಂತ್ರ ನಮ್ಮಂಥ ಸಣ್ಣ ಅಂಗಡಿಗಳಲ್ಲಿ ಇರುವುದು ವಿರಳ, ಕಂಪನಿಯ ಸೇವಾ ಕೇಂದ್ರಕ್ಕೆ ಕಳಿಸಬೇಕಾಗುತ್ತದೆ. ಮನೆಯಲ್ಲಿ ಮಾಡಬಹುದಾದದ್ದು ಒಂದಿದೆ: ವಾಚು ಬಿಸಿಲಿಗೆ ಬೆಚ್ಚಗಾದಾಗ ಗಾಜಿನ ಮೇಲೆ ಒಂದು ಹನಿ ತಣ್ಣೀರು ಇಟ್ಟು, ಒಂದು ನಿಮಿಷ ಬಿಟ್ಟು ಒರೆಸಿ ನೋಡಿ. ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದ್ದರೆ ಒಳಗೆ ತೇವ ಸೇರಿದೆ. ಅಂದೇ ಬಿಚ್ಚಿಸಿ.

ಇನ್ನು ಮಷೀನ್. ಸೀಕೊ 4ಆರ್36 ಮತ್ತು ಬೇರೆ ಕಂಪನಿಗಳಿಗೆ ಅವರು ಮಾರುವ ಎನ್‌ಎಚ್36 ಮೂಲತಃ ಒಂದೇ. ಪೂರ್ತಿ ಕೆಟ್ಟರೂ ಹೊಸ ಮಷೀನನ್ನೇ ಕೂರಿಸಬಹುದು, ಯಾವ ಊರಿನಲ್ಲೂ ಆಗುವ ಕೆಲಸ. ಪ್ರೊಮಾಸ್ಟರಿನಲ್ಲಿರುವ, ಬೆಳಕಿನಿಂದ ನಡೆಯುವ ಸಿಟಿಜನ್ ಇಕೊ-ಡ್ರೈವ್‌ನಲ್ಲಿ ರಿಪೇರಿಯೇ ಕಡಿಮೆ. ಆದರೆ ನೆನಪಿಡಿ, ಅದರೊಳಗಿನ ಸೆಲ್ ಮರಳಿ ಚಾರ್ಜ್ ಆಗುವ ಜಾತಿಯದು. ಯಾರಾದರೂ ಸಾಮಾನ್ಯ ಸೆಲ್ ಹಾಕಿದರೆ ಅದು ಸೋರಿ ಒಳಗನ್ನೆಲ್ಲ ಹಾಳುಮಾಡುತ್ತದೆ.

ಕಡೆಯದಾಗಿ ಎಲ್ಲರಿಗೂ ಒಂದು ವಿನಂತಿ. ಡಯಲಿಗೆ ಹೊಸ ಬಣ್ಣ ಬಳಿದ ಹಳೆಯ ಸೀಕೊ ವಾಚುಗಳು ಆನ್‌ಲೈನಿನಲ್ಲಿ ಎರಡು ಮೂರು ಸಾವಿರಕ್ಕೆ ಬರುತ್ತವೆ. ಅವು ಹಲವು ವಾಚುಗಳ ಭಾಗ ಸೇರಿಸಿ ಮಾಡಿದವು. ಅವುಗಳನ್ನು ಕಟ್ಟಿಕೊಂಡು ಕೈ ಕೂಡ ತೊಳೆಯಬೇಡಿ.

ಕೊಲ್ಲಿ ಗಾಳಿ

ಲೆಕ್ಕಕ್ಕೂ ವಾಷರಿನ ಮಾತಿಗೂ ಧನ್ಯವಾದ. ಆದರೂ ಕಮಾಸು ಕೊಂಡದ್ದರಲ್ಲಿ ನನಗೆ ಸಂತೋಷವೇ ಇದೆ. ಕಾರಣ ಅದರ ನೀಲಮಣಿ ಗಾಜು. ಇಲ್ಲಿ ಎಲ್ಲೆಲ್ಲೂ ಮರಳು. ಮರಳಿನ ಕಣ ಎಂದರೆ ಕ್ವಾರ್ಟ್ಜ್, ಗಡಸುತನದ ಮೋಸ್ ಅಳತೆಯಲ್ಲಿ 7. ಸಾಮಾನ್ಯ ಮಿನರಲ್ ಗಾಜು ಅದಕ್ಕಿಂತ ಮೆದು, ಸಿಂಥೆಟಿಕ್ ನೀಲಮಣಿ 9. ಈ ಬೆಲೆಯಲ್ಲಿ ಆ ಗಾಜು, 41.8 ಮಿಲಿಮೀಟರಿನ ಹದವಾದ ಗಾತ್ರ, ಬಿಗಿಯುವ ಕೀ, ಓರಿಯೆಂಟಿನವರು ತಾವೇ ಮಾಡಿದ ಎಫ್6922 ಮಷೀನ್, ಇವೆಲ್ಲ ಒಟ್ಟಿಗೆ ಸಿಗುವುದು ಇನ್ನೆಲ್ಲೂ ಇಲ್ಲ. ಓರಿಯೆಂಟ್ ಈಗ ಸೀಕೊ ಎಪ್ಸನ್ ಒಡೆತನದಲ್ಲಿದೆ, ಆದರೆ ಅದರ ಮಷೀನ್ ಬೇರೆಯೇ. ಮುಳುಗು ಹಾಕಿ ಮುತ್ತು ತೆಗೆಯುತ್ತಿದ್ದವರ ಈ ಕಡಲಿನಲ್ಲಿ ಅದನ್ನು ಕಟ್ಟಿಕೊಂಡೇ ಈಜುತ್ತೇನೆ.

ನೇತ್ರಾಣಿ ನೀಲಿ

ಕಮಾಸು ಒಳ್ಳೆಯ ವಾಚು, ಈಜಿಗೆ, ಸ್ನಾರ್ಕೆಲಿಂಗಿಗೆ ಧಾರಾಳ ಸಾಕು. ಅದನ್ನು ಕಟ್ಟಿಕೊಂಡು 18 ಮೀಟರಿಗೆ ಹೋದವರನ್ನೂ ಕಂಡಿದ್ದೇನೆ, ಏನೂ ಆಗಿಲ್ಲ. ನನ್ನ ಹಟ ಇಷ್ಟೇ: ಕಲಿಯುವವರ ಕೈಯಲ್ಲಿ ಪ್ರತ್ಯೇಕವಾಗಿ ಪರೀಕ್ಷೆಗೊಳಗಾದ ವಾಚು ಇರಲಿ. ನೀಲಮಣಿ ಗಾಜಿಗೆ ಸುಲಭವಾಗಿ ಗೀರು ಬೀಳುವುದಿಲ್ಲ ನಿಜ. ಆದರೆ ದೋಣಿಯ ಸಿಲಿಂಡರಿಗೆ ಬಲವಾಗಿ ಬಡಿದಾಗ ಮಿನರಲ್ ಗಾಜು ಸೈರಿಸಿಕೊಂಡೀತು, ನೀಲಮಣಿ ಅಂಚು ಸಿಡಿಯುವ ಸಂಭವ ಹೆಚ್ಚು.

ಜಾಲಹಳ್ಳಿ ಸೈರನ್

ಸಿಟಿಜನ್ ಬಗ್ಗೆ ನಮ್ಮ ಊರಿನ ಋಣ ಹೇಳದೆ ಇರಲಾರೆ. 1961ರಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ತೆರೆದದ್ದು ಸಿಟಿಜನ್ ಸಹಯೋಗದಲ್ಲಿ. ನಿಮ್ಮ ಅಜ್ಜನ ಎಚ್‌ಎಂಟಿ ಇದ್ದರೆ ಡಯಲ್ ನೋಡಿ, ‘ಪ್ಯಾರಾಶಾಕ್’ ಎಂದಿದ್ದರೆ ಅದು ಆಘಾತ ತಡೆಯಲು ಸಿಟಿಜನ್ 1956ರಲ್ಲಿ ತಂದ ವ್ಯವಸ್ಥೆಯ ಹೆಸರು. ಜಪಾನಿನ ಮೊದಲ ಜಲನಿರೋಧಕ ವಾಚು ‘ಪ್ಯಾರಾವಾಟರ್’ ಕೂಡ 1959ರಲ್ಲಿ ಅವರದೇ. ಅದನ್ನು ನಂಬಿಸಲು ವಾಚುಗಳನ್ನು ತೇಲುಬುರುಡೆಗೆ ಕಟ್ಟಿ ಪೆಸಿಫಿಕ್ ಸಾಗರಕ್ಕೆ ಬಿಟ್ಟರು, ಅವು ಆಚೆ ದಡ ಮುಟ್ಟಿದವು. ಬೆಳಕಿನಿಂದ ನಡೆಯುವ ಮುಳ್ಳಿನ ಕ್ವಾರ್ಟ್ಜ್ ವಾಚನ್ನು 1976ರಲ್ಲಿಯೇ ಮಾಡಿದ ಕಂಪನಿ ಅದು. ಇಂದಿನ ಇಕೊ-ಡ್ರೈವ್ ಹಿಂದೆ ಅಷ್ಟು ವರ್ಷಗಳ ಕೆಲಸವಿದೆ.

ಎಚ್‌ಎಂಟಿ ವಾಚು ಕಾರ್ಖಾನೆಗಳನ್ನು ಮುಚ್ಚಲು 2016ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಾಗ ನಮ್ಮ ಬೀದಿಯಲ್ಲಿ ಕಣ್ಣೀರು ಹಾಕಿದವರಿದ್ದಾರೆ. ಸಿಟಿಜನ್ ಕಟ್ಟಿಕೊಂಡಾಗ ಆ ಕೈಗಳಿಗೆ ಕೆಲಸ ಕಲಿಸಿದವರ ವಾಚು ಎಂಬ ಅಭಿಮಾನ ನನಗಿದೆ.

ಮಂಗಳೂರು ಹಾಸ್ಟೆಲ್

ಯಾರೂ ಡ್ಯೂರೊ ಪರ ಮಾತಾಡಲಿಲ್ಲ, ನಾನು ಆಡುತ್ತೇನೆ. ಹತ್ತು ಸಾವಿರದೊಳಗೆ 200 ಮೀಟರ್, ಬಿಗಿಯುವ ಕೀ, ಒಂದೇ ದಿಕ್ಕಿಗೆ ತಿರುಗುವ ಬೆಜೆಲ್. ತಿಂಗಳಿಗೆ 20 ಸೆಕೆಂಡಿನೊಳಗಿನ ವ್ಯತ್ಯಾಸ. 4ಆರ್36ಕ್ಕೆ ಸೀಕೊ ಕೊಡುವ ಮಿತಿಯೇ ದಿನಕ್ಕೆ 45 ಸೆಕೆಂಡ್ ಮುಂದೆ, 35 ಸೆಕೆಂಡ್ ಹಿಂದೆ! ಬಿಲ್ ಗೇಟ್ಸ್ ಕೂಡ ಇದನ್ನು ಕಟ್ಟಿಕೊಂಡು ಕಾಣಿಸಿಕೊಂಡಿದ್ದಾರೆ. ಉಳಿದ ಇಪ್ಪತ್ತು ಸಾವಿರವನ್ನು ಅಣ್ಣ ಕೋರ್ಸಿಗೆ ಕಟ್ಟಬಹುದು. ವಿದ್ಯಾರ್ಥಿಗಳಾದ ನಮಗೆ ಆ ಹಣ ಎಂದರೆ ಒಂದು ಸೆಮಿಸ್ಟರಿನ ಊಟ.

ಆಮೆ ಬೆನ್ನು

ತಮ್ಮಾ, 4ಆರ್36ರ ಆ ಅಂಕಿ ಕಂಪನಿ ಇಟ್ಟುಕೊಂಡ ಹೊರಮಿತಿ. ಬಹುಪಾಲು ವಾಚುಗಳು ಅದಕ್ಕಿಂತ ಎಷ್ಟೋ ಚೆನ್ನಾಗಿ ನಡೆಯುತ್ತವೆ, ಹೊಂದಿಸಲೂ ಬರುತ್ತದೆ. ಆದರೆ ಹಣದ ಮಾತು ನಿನ್ನದು ಸರಿ. ಮೊದಲ ವಾಚಾಗಿ ಡ್ಯೂರೊ ಕೊಂಡವರನ್ನು ನಾನು ಗೌರವಿಸುತ್ತೇನೆ.

ಲಕ್ಷದ್ವೀಪ ಅಲೆ

ಸಣ್ಣ ಮಣಿಕಟ್ಟಿನ ಬಗ್ಗೆ ಯಾರೂ ಹೇಳಲಿಲ್ಲ. ನಾನು ಡೈವಿಂಗ್ ಮಾಡುವ ಹೆಂಗಸು, ನನ್ನದು 15 ಸೆಂಟಿಮೀಟರ್. ವ್ಯಾಸ ನೋಡಿ ಹೆದರಬೇಡಿ. ಬೆಲ್ಟ್ ಸಿಕ್ಕಿಸುವ ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಗೆ ಎಷ್ಟು ಉದ್ದ ಎಂದು ಅಳೆಯಿರಿ. ಅದು ಮಣಿಕಟ್ಟಿನ ಅಗಲವನ್ನು ಮೀರಬಾರದು. ಎಸ್‌ಕೆಎಕ್ಸ್ ವ್ಯಾಸ 42 ದಾಟಿದರೂ ಆ ಉದ್ದ 46ರಷ್ಟೇ, ಆದ್ದರಿಂದ ಸಣ್ಣ ಕೈಗಳಿಗೂ ಕೂರುತ್ತಿತ್ತು. ಪ್ರೊಮಾಸ್ಟರಿನದು 48ರ ಆಸುಪಾಸು, ಡ್ಯೂರೊದ್ದು ಇನ್ನೂ ತುಸು ಹೆಚ್ಚು. 16 ಸೆಂಟಿಮೀಟರಿಗೆ ಪ್ರೊಮಾಸ್ಟರ್ ಅಂಚಿನಲ್ಲಿ ಕೂತೀತು. ಅಂಗಡಿಗೆ ಹೋಗಿ ಕಟ್ಟಿ ನೋಡದೆ ಕೊಳ್ಳಬೇಡಿ. ಮುಂದೆ ಹಣ ಕೂಡಿದರೆ ಸೀಕೊದ 38.5 ಮಿಲಿಮೀಟರಿನ ಸೋಲಾರ್ ಡೈವರ್ ಇದೆ, ನಮ್ಮಂಥ ಕೈಗಳಿಗೆ ಹೇಳಿ ಮಾಡಿಸಿದ್ದು.

ಅಂಗಡಿಯಲ್ಲಿ ಇನ್ನೊಂದು ನೋಡಿ. ಬೆಜೆಲಿನ ತ್ರಿಕೋನವನ್ನು ಹನ್ನೆರಡಕ್ಕೆ ತಂದಾಗ ಅದು ಡಯಲಿನ ಗುರುತಿಗೆ ನೇರವಾಗಿ ನಿಲ್ಲಬೇಕು. ಯಾವ ಬ್ರಾಂಡೇ ಆಗಲಿ, ಅರ್ಧ ನಿಮಿಷ ಪಕ್ಕಕ್ಕಿದ್ದರೆ ಬೇರೆ ತೋರಿಸಿ ಎನ್ನಿ. ಮನೆಗೆ ತಂದ ಮೇಲೆ ಅದೊಂದೇ ಕಣ್ಣಿಗೆ ಚುಚ್ಚುತ್ತದೆ.

ಆಗುಂಬೆ ಮಳೆ

ಶಿವಮೊಗ್ಗದಲ್ಲಿ ಮೂರನ್ನು ಕಟ್ಟಿ ನೋಡಿದೆ, ಡ್ಯೂರೊ ಸಿಗಲಿಲ್ಲ. ಕಮಾಸು ಕೈಗೆ ಎಲ್ಲಕ್ಕಿಂತ ಚೆನ್ನಾಗಿ ಕೂತಿತು, ಅದರ ಕೆಂಪು ಡಯಲ್ ಬಿಟ್ಟುಬರಲು ಮನಸ್ಸಾಗಲಿಲ್ಲ. ಪ್ರೊಮಾಸ್ಟರಿನ ಕೊಂಬುಗಳು ಮಣಿಕಟ್ಟಿನ ಅಂಚಿಗೆ ಬಂದವು, ಆದರೆ ಹೊರಗೆ ಚಾಚಲಿಲ್ಲ. ಕತ್ತಲ ಮೂಲೆಯಲ್ಲಿ ನೋಡಿದಾಗ ಅದರ ಹೊಳೆಯುವ ಮುಳ್ಳು, ಗುರುತುಗಳು ಬಹಳ ಸ್ಪಷ್ಟ. ನೀಲಿಯವರ ಮಾತನ್ನು ತೂಗಿ ನೋಡಿ ಪ್ರೊಮಾಸ್ಟರ್ ಕೊಳ್ಳಲು ತೀರ್ಮಾನಿಸಿದ್ದೇನೆ. ಎರಡು ಅನುಮಾನ ಉಳಿದಿವೆ. ನೀರಿನಡಿಯಲ್ಲಿ ಸೆಲ್ ಮುಗಿದರೆ? ಅದರ ರಬ್ಬರ್ ಬೆಲ್ಟ್ ಮೇಲೆ ಅಚ್ಚಾಗಿರುವ ಆಳ ಮತ್ತು ನಿಮಿಷಗಳ ಪಟ್ಟಿಯನ್ನು ಬಳಸಬಹುದೇ?

ಆಮೆ ಬೆನ್ನು

ಒಳ್ಳೆಯ ಆಯ್ಕೆ. ಆದರೂ ಒಂದು ದಿನ ನಿಮ್ಮ ಕೈಯಲ್ಲಿ ಟರ್ಟಲ್ ಕಾಣುವ ಆಸೆ ನನಗಿದೆ. ಸ್ಪ್ರಿಂಗ್ ಮತ್ತು ಹಲ್ಲಿನ ಚಕ್ರಗಳಿಂದ ನಡೆಯುವ ಯಂತ್ರವನ್ನು ಕಟ್ಟಿಕೊಳ್ಳುವ ಸುಖವನ್ನು ಸೋಲಾರ್ ಕೊಡಲಾರದು.

ನೇತ್ರಾಣಿ ನೀಲಿ

ಒಮ್ಮೆ ಪೂರ್ತಿ ತುಂಬಿದರೆ ಕತ್ತಲಲ್ಲಿಟ್ಟರೂ ಸುಮಾರು ಆರು ತಿಂಗಳು ನಡೆಯುತ್ತದೆ. ಶಕ್ತಿ ಕುಗ್ಗಿದಾಗ ಸೆಕೆಂಡಿನ ಮುಳ್ಳು ಎರಡೆರಡು ಸೆಕೆಂಡಿಗೆ ಜಿಗಿಯುತ್ತ ಮುನ್ನವೇ ತಿಳಿಸುತ್ತದೆ. ಸೆಲ್ ಇರುವ ಡೈವ್ ವಾಚು ಹೀಗೆ ಎಚ್ಚರಿಸಲೇಬೇಕೆಂದು ಐಎಸ್‌ಒ ಕೂಡ ಹೇಳುತ್ತದೆ. ಮುಳ್ಳು ಜಿಗಿಯುತ್ತಿದ್ದರೆ ಅಂದು ಅದನ್ನು ನಂಬಿ ನೀರಿಗಿಳಿಯಬೇಡಿ. ಉಳಿದಂತೆ ಕಿಟಕಿಯ ಬಳಿ ಇಡಿ, ಕಾರಿನ ಡ್ಯಾಶ್‌ಬೋರ್ಡಿನ ಸುಡುಬಿಸಿಲಿನಲ್ಲಿ ಬೇಡ.

ಬೆಲ್ಟಿನ ಪಟ್ಟಿಯನ್ನು ಆಧರಿಸಿ ಡೈವ್ ಯೋಜಿಸಬೇಡಿ. ಅಲ್ಲಿರುವುದು ದಿನದ ಮೊದಲ ಡೈವಿನ ಮಿತಿ ಮಾತ್ರ, ಎರಡನೆಯ ಡೈವಿಗೆ ದೇಹದಲ್ಲಿ ಉಳಿದ ಸಾರಜನಕವನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಜೆಲ್ ಬಳಸುವುದು ಸುಲಭ: ಮುಳುಗುವ ಕ್ಷಣದಲ್ಲಿ ಅದರ ತ್ರಿಕೋನವನ್ನು ನಿಮಿಷದ ಮುಳ್ಳಿಗೆ ಹೊಂದಿಸಿ. ಮುಳ್ಳು ಎಷ್ಟು ದೂರ ಸಾಗಿದೆಯೋ ಅಷ್ಟು ನಿಮಿಷ ಕಳೆದಿದೆ. ಅದು ಒಂದೇ ದಿಕ್ಕಿಗೆ ತಿರುಗುವುದೂ ಇದಕ್ಕಾಗಿಯೇ. ಬಂಡೆಗೆ ತಗುಲಿ ಜರುಗಿದರೂ ಕಳೆದ ಸಮಯ ಹೆಚ್ಚಾಗಿ ಕಾಣುತ್ತದೆ, ಕಡಿಮೆಯಾಗಿ ಎಂದೂ ಅಲ್ಲ.

ನೀರಿನಲ್ಲಿ ಕೀ ಮುಟ್ಟಬೇಡಿ. ಮೇಲೆ ಬಂದ ಕೂಡಲೇ ಸಿಹಿನೀರಿನಲ್ಲಿ ಅದ್ದಿ, ಬೆಜೆಲನ್ನು ನಾಲ್ಕಾರು ಸುತ್ತು ತಿರುಗಿಸಿ ಉಪ್ಪು ಮರಳು ತೊಳೆಯಿರಿ. ಸೂಟಿನ ತೋಳಿನ ಮೇಲೆ ಕಟ್ಟಲು ಆ ಬೆಲ್ಟಿನ ಉದ್ದ ಸಾಕು.

ಕಣ್ಣಿಗೆ ಲೂಪು

ಗ್ಯಾರಂಟಿ ಕಾರ್ಡಿಗೆ ಅಂಗಡಿಯ ಸೀಲು, ತಾರೀಖು ಹಾಕಿಸಿಕೊಳ್ಳಿ. ಕಾರ್ಡಿನ ಮೇಲಿನ ನಂಬರು ವಾಚಿನ ಹಿಂಬದಿಯ ನಂಬರಿಗೆ ಹೊಂದುತ್ತದೆಯೇ ಎಂದು ಅಲ್ಲೇ ನೋಡಿ. ಬೇರೆ ಬೆಲ್ಟ್ ಬೇಕಾದರೆ 20 ಮಿಲಿಮೀಟರಿನದು ಕೇಳಿ, 22ರದು ಇದಕ್ಕೆ ಕೂರುವುದಿಲ್ಲ.